ಸೈಕಲ್ ಸವಾರಿ ನಿಷೇಧ

ಸ್ಕೂಟರು ಬಂದು ಸೈಕಲಿಗೆ ಗುದ್ದಿತು. ತಿಂಗಳು ಕಳೆಯುವುದರೊಳಗೆ ಸೈಕಲನ್ನು ನಿಷೇಧಿಸಿದರು. ಇದನ್ನು ಹೇಳುವಾಗ ಈಗಲೂ ನನ್ನ ಧ್ವನಿ ಏರುತ್ತದೆ. "ನಿನಗೆ ಬಿ.ಪಿ. ಉಂಟು ಮಾರಾಯ್ತಿ, ನೆನಪಿರಲಿ" ಎಂದು ಮನೆಯವರು ಎಚ್ಚರಿಸುತ್ತಾರೆ. ಬಿ.ಪಿ. ಇರುವವರಿಗೆ ಸಿಟ್ಟು ಬರಬಾರದೆಂದಾದರೆ, ಸಿಟ್ಟು ಬರಿಸುವ ಕೆಲಸವನ್ನಾದರೂ ಜನ ಸ್ವಲ್ಪ ಕಡಿಮೆ ಮಾಡಬೇಕು.

ಅಲೆವೂರಿನಿಂದ ಮಣಿಪಾಲದ ಕಡೆಗೆ ಹೋಗುವಾಗ, ರಸ್ತೆಯಿಂದ ಒಳಗೆ ನಮ್ಮ ಕೆರೆ. ದೊಡ್ಡದೇನೂ ಅಲ್ಲ. ಮೊದಲು ಅದಕ್ಕೆ ಮದಗ ಎನ್ನುತ್ತಿದ್ದರು; ಎಮ್ಮೆಗಳು ಬಿದ್ದುಕೊಂಡಿರುತ್ತಿದ್ದವು, ಬೇಸಿಗೆಯಲ್ಲಿ ಕೆಸರು ಮಾತ್ರ ಉಳಿಯುತ್ತಿತ್ತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿದರು, ಸುತ್ತ ದಂಡೆ ಕಟ್ಟಿದರು, ದಂಡೆಯ ಮೇಲೆ ಕೆಂಪು ಮಣ್ಣು ಹಾಕಿ ರೋಲರ್ ಓಡಿಸಿದರು, ರಸ್ತೆಯ ಕಡೆಗೊಂದು ಗೇಟು ಇಟ್ಟರು. ಹಾಗೆ ನಮಗೊಂದು ದಾರಿ ಸಿಕ್ಕಿತು. ಏರಿಲ್ಲ, ಇಳಿತವಿಲ್ಲ. ನಮ್ಮ ಊರಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಮನೆಯಿಂದ ಹೊರಬಿದ್ದರೆ ಒಂದೋ ಗುಡ್ಡೆ ಹತ್ತಬೇಕು, ಇಲ್ಲವೇ ಗದ್ದೆಗೆ ಇಳಿಯಬೇಕು. ಎರಡೂ ಬೇಡವೆಂದರೆ ಬಸ್ಸುಗಳು ಹುಚ್ಚು ಹಿಡಿದಂತೆ ಓಡುವ ರಸ್ತೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ಕೆರೆಯ ದಾರಿಯಲ್ಲಿ ಏದುಸಿರು ಬಿಡುವವರೂ ಓಡಬಹುದು, ಬ್ಯಾಲೆನ್ಸ್ ಇಲ್ಲದವರೂ ಸೈಕಲ್ ಬಿಡಬಹುದು.

ಆ ಎರಡನೆಯ ಜಾತಿಗೆ ಸೇರಿದವಳು ನಾನು. ಕಟಪಾಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಐವತ್ತರ ಹತ್ತಿರ ಬರುವವರೆಗೆ ನನಗೆ ಸೈಕಲ್ ಬರುತ್ತಿರಲಿಲ್ಲ. ನಾವು ಸಣ್ಣವರಿದ್ದಾಗ ಕುಕ್ಕುಂದೂರಿನ ಮನೆಯಲ್ಲಿ ಅಣ್ಣನಿಗೆ ಸೈಕಲ್ ತಂದರು, ನನಗೆ ಕೊಡೆ ತಂದರು. ಆಗ ಅದು ಅನ್ಯಾಯ ಎಂದು ಅನಿಸಿಯೂ ಇರಲಿಲ್ಲ. ಹೂವಿನ ಚಿತ್ರದ ಕೊಡೆ, ಚೆನ್ನಾಗಿಯೇ ಇತ್ತು.

ನನಗೆ ಕಲಿಸಿದವರು ಬಾಯಿ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತೇವೆ. ಅವರು ಗಲ್ಫಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಅರ್ಧ ಆಯುಷ್ಯ ದುಡಿದು, ನಿವೃತ್ತರಾಗಿ ಬಂದು, ನಮ್ಮ ಮನೆಯ ಹಿಂದಿನ ಓಣಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಬಂದ ಮೊದಲ ತಿಂಗಳೇ ಉಡುಪಿಗೆ ಹೋಗಿ, ಮುಂದೆ ಬುಟ್ಟಿ ಇರುವ ನೀಲಿ ಸೈಕಲ್ ತಂದರು. ಹುಡುಗಿಯಾಗಿದ್ದಾಗ ಕಾಪುವಿನ ಕಡಲ ಬದಿಯ ಗಟ್ಟಿ ಮರಳಿನಲ್ಲಿ ತಮ್ಮನ ಸೈಕಲ್ ಕಸಿದುಕೊಂಡು ಕಲಿತವರಂತೆ. ನಾನು ಕೆರೆಯ ಸುತ್ತ ನಡೆಯುತ್ತಿದ್ದರೆ ಹಿಂದಿನಿಂದ ಬೆಲ್ ಕೇಳುತ್ತಿತ್ತು, ಜೊತೆಗೆ ಅವರ ಧ್ವನಿ: "ಟೀಚರ್, ಸ್ವಲ್ಪ ಎಡಕ್ಕೆ!"

ಒಂದು ದಿನ ಇಳಿದು ನಿಂತು ಕೇಳಿದರು: "ನಿಮಗೆ ಬರುವುದಿಲ್ವಾ?"

"ಇಲ್ಲ ಬಾಯಿ. ಇನ್ನು ಎಂತ ಕಲಿಯುವುದು, ಬಿದ್ದರೆ ಎಲುಬು ಕೂಡಿಕೊಳ್ಳಲಿಕ್ಕಿಲ್ಲ."

"ಬೀಳುವುದನ್ನು ನಾನು ನೋಡಿಕೊಳ್ತೇನೆ. ನೀವು ಹತ್ತಿ."

ಆ ದಸರಾ ರಜೆಯಲ್ಲಿ ಕಲಿತೆ. ಎರಡು ಸಲ ನಾಚಿಕೆಮುಳ್ಳಿನ ಮೇಲೆ ಬಿದ್ದೆ, ಒಂದು ಸಲ ಕೆರೆಯ ತೂಬಿನ ಕಟ್ಟೆಗೆ ಹೋಗಿ ಗುದ್ದಿದೆ. ಆಮೇಲೆ ಒಂದು ಬೆಳಿಗ್ಗೆ ಅವರು ಸೀಟು ಬಿಟ್ಟದ್ದು ನನಗೆ ತಿಳಿಯಲೇ ಇಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಹಿಂದಿನಿಂದ ಬಾಯಿಯ ನಗು ದೂರವಾಗುತ್ತಿತ್ತು. ಮನೆಗೆ ಬಂದು ಆ ದಿನ ನಾನು ಯಾರೊಡನೆಯೂ ಮಾತನಾಡಲಿಲ್ಲ. ಮಾತನಾಡಿದರೆ ಅಳು ಬರುತ್ತದೆ ಎನಿಸಿತ್ತು. ಮರುವಾರ ನಾನೂ ಒಂದು ಸೈಕಲ್ ತಂದೆ. ಅಲ್ಲಿಂದ ಮುಂದೆ ಬೆಳಗಿನ ಸುತ್ತು ನಮ್ಮಿಬ್ಬರದು.

ಇಷ್ಟು ಸಂತೋಷ. ಇನ್ನು ಸ್ಕೂಟರಿನ ವಿಷಯ.

ನಮ್ಮೂರಿನಲ್ಲಿ ಒಬ್ಬರು ಬಸ್ ಮಾಲಕರಿದ್ದಾರೆ. ಈಗ ವ್ಯವಹಾರವೆಲ್ಲ ಮಕ್ಕಳ ಕೈಯಲ್ಲಿ. ಊರಿನ ಯಾವ ಕೆಲಸಕ್ಕೂ ಮೊದಲ ದೇಣಿಗೆ ಅವರದೇ, ಸುಳ್ಳು ಹೇಳಬಾರದು. ಕೆರೆಯ ಆಚೆ ದಡದಲ್ಲಿ, ಹೊನ್ನೆಮರದ ಕೆಳಗೆ ಒಂದು ಕಲ್ಲುಬೆಂಚು ಹಾಕಿಸಿಕೊಟ್ಟಿದ್ದಾರೆ. ಬೆನ್ನಿನ ಭಾಗದಲ್ಲಿ ತಂದೆತಾಯಿಯ ಹೆಸರು, ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು. ಪ್ರತಿದಿನ ಬೆಳಿಗ್ಗೆ ಅವರು ಆ ಬೆಂಚಿನವರೆಗೆ ಸ್ಕೂಟರಿನಲ್ಲಿ ಬರುತ್ತಿದ್ದರು. ನಡೆಯುವ ದಾರಿಯ ಮೇಲೆ. ಸ್ಕೂಟರನ್ನು ಮರಕ್ಕೆ ಒರಗಿಸಿದ ಹಾಗೆ ನಿಲ್ಲಿಸಿ, ಬೆಂಚಿನಲ್ಲಿ ಸ್ವಲ್ಪ ಕುಳಿತು, ಮತ್ತೆ ಎದ್ದು ಕೈ ಬೀಸಿಕೊಂಡು ಕೆರೆಗೆ ಒಂದು ಸುತ್ತು ನಡೆಯುತ್ತಿದ್ದರು. ನಡೆಯಲಿಕ್ಕಾಗಿ ನಡೆಯುವ ದಾರಿಯಲ್ಲಿ ಸ್ಕೂಟರಿನಲ್ಲಿ ಬರುವುದು! ಇದು ನನಗೆ ಒಬ್ಬಳಿಗೇ ವಿಚಿತ್ರವಾಗಿ ಕಂಡದ್ದೇ? ಎಲ್ಲರೂ ಬದಿಗೆ ಸರಿದು ನಮಸ್ಕಾರ ಹೇಳುತ್ತಿದ್ದರು. ಅವರು ಒಂದು ಕೈ ಎತ್ತಿ ಎಲ್ಲರ ನಮಸ್ಕಾರ ಸ್ವೀಕರಿಸುತ್ತ ಮುಂದೆ ಹೋಗುತ್ತಿದ್ದರು.

ಒಂದು ಸಲ ನಾನು ಹೇಳಿದ್ದೆ. "ಸರ್, ಸ್ಕೂಟರ್ ಗೇಟಿನ ಹೊರಗೆ ಇಟ್ಟರೆ ಒಳ್ಳೆಯದಿತ್ತು. ಓಡುವವರು ಇರ್ತಾರೆ, ಮಕ್ಕಳು ಇರ್ತಾರೆ."

ಅವರು ನಕ್ಕರು. "ನನಗೆ ಮೊಣಗಂಟು ನೋವು ಟೀಚರ್. ನಿಮಗೆ ಈಗ ಗೊತ್ತಾಗ್ಲಿಕ್ಕಿಲ್ಲ."

ಬೆಂಚಿನವರೆಗೆ ಮಾತ್ರ ನೋಯುವ, ಅಲ್ಲಿಂದ ಮುಂದೆ ಒಂದು ಸುತ್ತು ನಡೆಯುವ ಮೊಣಗಂಟು. ಅವರು ಹೋಗುತ್ತಾರೆ ಎಂದು ಹಾಲಿನವನೂ ಅದೇ ದಾರಿಯಲ್ಲಿ ಬೈಕು ಬಿಡತೊಡಗಿದ. ಅವನನ್ನು ಕೇಳಿದರೆ, "ಅವರಿಗೆ ಹೇಳಿ ಅಕ್ಕ, ನಾನು ನಾಳೆಯಿಂದ ನಿಲ್ಲಿಸ್ತೇನೆ" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು.

ಆ ದಿನ ಹಿಂದಿನ ಸಂಜೆ ಮಳೆ ಬಂದು ದಾರಿ ಜಾರುತ್ತಿತ್ತು. ಬಾಯಿ ಮುಂದೆ, ನಾನು ಹಿಂದೆ, ನಿಧಾನವಾಗಿ ಹೋಗುತ್ತಿದ್ದೆವು. ತೂಬಿನ ಹತ್ತಿರ ದಾರಿ ತಿರುಗುತ್ತದೆ, ಪೊದೆ ಬೆಳೆದು ಆಚೆಯಿಂದ ಬರುವವರು ಕಾಣುವುದಿಲ್ಲ. ಅಲ್ಲಿಂದ ಸ್ಕೂಟರು ಬಂತು. ಬಾಯಿಯನ್ನು ನೋಡಿ ಮಾಲಕರು ಅಭ್ಯಾಸದಂತೆ ಕೈ ಎತ್ತಿದರು. ಇನ್ನೊಂದು ಕೈಯಲ್ಲಿ ಬ್ರೇಕು ಹಾಕಿದರೋ ಏನೋ, ಸ್ಕೂಟರು ಅಡ್ಡವಾಗಿ ಜಾರಿಕೊಂಡು ಬಂದು ನೀಲಿ ಸೈಕಲಿನ ಮುಂದಿನ ಚಕ್ರಕ್ಕೆ ಬಡಿಯಿತು. ಬಾಯಿ ದಂಡೆಯ ಕಲ್ಲುಗಳ ಮೇಲೆ ಬಲಭುಜ ಕೊಟ್ಟು ಬಿದ್ದರು. ಆ ಶಬ್ದ ನನಗೆ ಕೇಳಿಸಿತು.

ಮಾಲಕರಿಗೆ ಪ್ಯಾಂಟಿಗೆ ಕೆಸರಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎದ್ದು ನಿಂತು ಅವರು ಆಡಿದ ಮೊದಲ ಮಾತು: "ತಿರುವಿನಲ್ಲಿ ಬೆಲ್ ಹೊಡಿಬೇಕಲ್ವಾ ಬಾಯಿ?"

ನಾನು ಬಾಯಿಯ ಪಕ್ಕ ಕುಳಿತಿದ್ದೆ. ಅವರ ಮುಖ ಬಿಳಿಚಿತ್ತು, ಆದರೆ ಮಾತು ವಾರ್ಡಿನಲ್ಲಿ ಡ್ಯೂಟಿ ಮಾಡುವವರ ಹಾಗೆ ನೆಟ್ಟಗಿತ್ತು. "ಟೀಚರ್, ಕೈ ಎಳೀಬೇಡಿ. ಶಾಲು ತೆಗೀರಿ. ಕುತ್ತಿಗೆಯ ಹಿಂದಿನಿಂದ ತಂದು ಕೈಯನ್ನು ಎದೆಗೆ ಸೇರಿಸಿ ಕಟ್ಟಿ. ಇನ್ನೂ ಸ್ವಲ್ಪ ಬಿಗಿ." ಓಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಕಿವಿಯಿಂದ ಹಾಡು ಕಿತ್ತು ಹಾಕಿ ಬಂದು, ಅವರನ್ನು ಎತ್ತಿ ಗೇಟಿನವರೆಗೆ ನಡೆಸಿದರು. ಅಷ್ಟರಲ್ಲಿ ಮಾಲಕರು ಮನೆಗೆ ಫೋನು ಮಾಡಿ ಕಾರು ತರಿಸಿದ್ದರು. ಬಾಯಿಗೆಂದು ತರಿಸಿದ್ದು ಎಂದುಕೊಂಡೆ. ಕಾರು ಬಂತು, ತಾವೇ ಹತ್ತಿದರು, ಹೋದರು. ನಾವು ಆಟೋದಲ್ಲಿ ಮಣಿಪಾಲಕ್ಕೆ ಹೋದೆವು.

ಭುಜದ ಹತ್ತಿರ ತೋಳಿನ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಅದೆಲ್ಲ ಆಯಿತು. ನನ್ನ ಸಿಟ್ಟು ಹೊತ್ತಿಕೊಂಡದ್ದು ಆಸ್ಪತ್ರೆಯಲ್ಲಿ, ಜನ ನೋಡಲು ಬರಲು ಶುರುವಾದ ಮೇಲೆ. ಬಂದವರೆಲ್ಲ ಒಂದೇ ಮಾತು: "ಈ ವಯಸ್ಸಿನಲ್ಲಿ ಸೈಕಲ್ ಯಾಕೆ ಬೇಕಿತ್ತು?" ತಮ್ಮನ ಹೆಂಡತಿ ಕೇಳಿದಳು. ಪಕ್ಕದ ಬೆಡ್ಡಿನವರ ಮಗಳು ಕೇಳಿದಳು. ಇಗರ್ಜಿಯಿಂದ ಬಂದವರು ಪ್ರಾರ್ಥನೆ ಮುಗಿಸಿ ಕೇಳಿದರು. ನೆಲ ಒರೆಸುವವಳೂ ಕೇಳಿದಳು. ನಡೆಯುವ ದಾರಿಯಲ್ಲಿ ಸ್ಕೂಟರ್ ಯಾಕೆ ಬೇಕಿತ್ತು ಎಂದು ಒಂದೇ ಒಂದು ನರಪಿಳ್ಳೆಯೂ ಕೇಳಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ, "ನೀವೂ ಬಿಡ್ತೀರಂತೆ ಅಲ್ವಾ ಟೀಚರ್? ಜಾಗ್ರತೆ!" ಎಂದು ನಕ್ಕರು. ಕುಕ್ಕುಂದೂರಿನಿಂದ ಅಣ್ಣ ಫೋನು ಮಾಡಿದ. ಮಾಲಕರು ಅತ್ತಿಗೆಯ ತವರಿಗೆ ಹೇಗೋ ಸಂಬಂಧವಂತೆ.

"ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ನೀನು ಮುಂದೆ ಹೋಗ್ಬೇಡ. ಅವರೇನು ಬೇಕು ಅಂತ ಮಾಡಿದ್ದಾ?"

"ಬೇಕು ಅಂತ ಸ್ಕೂಟರ್ ಒಳಗೆ ತಂದದ್ದು ಹೌದಲ್ಲ?"

"ನಿನಗೆ ಎಂತ ಆಗ್ಲಿಕ್ಕುಂಟು ಅದರಲ್ಲಿ? ಮುರಿದದ್ದು ನಿನ್ನ ಕೈಯಾ?"

ನಾನು ಫೋನು ಇಟ್ಟೆ. ಕಂಪ್ಲೇಂಟ್ ಬೇಡವೆಂದು ಬಾಯಿಯೇ ಹೇಳಿಬಿಟ್ಟಿದ್ದರು. "ಕೋರ್ಟಿಗೆ ಅಲೆಯಲಿಕ್ಕೆ ನನಗೆ ಪುರುಸೊತ್ತಿಲ್ಲ, ಕೈ ಗುಣ ಮಾಡಿಕೊಳ್ಳುವ ಕೆಲಸ ಉಂಟು." ನನಗೆ ಅವರ ಮೇಲೂ ಸಿಟ್ಟು ಬಂತು.

ಅವರು ಮನೆಗೆ ಬಂದ ಮೇಲೆ ಮಾಲಕರು ನೋಡಲು ಬಂದರು, ಬುಟ್ಟಿ ತುಂಬ ಹಣ್ಣು ಹಿಡಿದುಕೊಂಡು. ನಾನು ಅಲ್ಲೇ ಇದ್ದೆ. ಬಾಯಿ ಜೋಲಿಯಲ್ಲಿ ಕಟ್ಟಿದ ಕೈಯೊಡನೆ ಎದ್ದು, ಅವರನ್ನು ಕೂರಿಸಿ, ಕಾಫಿ ತರಿಸಿದರು. ಕಾಪುವಿನಲ್ಲಿ ಮೀನಿನ ರೇಟು, ಬಸ್ಸಿಗೆ ಡ್ರೈವರುಗಳು ಸಿಗದ ಕಷ್ಟ, ಎಲ್ಲ ಮಾತಾಯಿತು. ಕೈಯ ಸುದ್ದಿ ಮಾತ್ರ ಇಲ್ಲ. ಏಳುವಾಗ ಅವರು, "ಎಲ್ಲ ದೇವರ ಇಚ್ಛೆ" ಎಂದರು.

ಆಗ ಬಾಯಿ ಹೇಳಿದರು: "ಸರ್, ಒಂದು ಮಾತು. ಇನ್ನು ಸ್ಕೂಟರ್ ಗೇಟಿನ ಹೊರಗೆ ನಿಲ್ಲಿಸಿ ಬನ್ನಿ. ನನಗೆ ಬೇರೆ ಎಂತದೂ ಬೇಡ."

"ನೋಡುವ" ಎಂದರು ಅವರು. ನಮ್ಮ ಕಡೆ "ನೋಡುವ" ಎಂದರೆ ಆಗುವುದಿಲ್ಲ ಎಂದೇ ಅರ್ಥ.

ಅವರು ಹೋದದ್ದೇ ನಾನು ಸಿಡಿದೆ. "ಎಂತ ಬಾಯಿ ನೀವು? ನಿಮ್ಮ ಕೈ ಮುರಿದವರಿಗೆ ಕಾಫಿ ಬೇರೆ ಕೊಡ್ತೀರಲ್ಲ!"

ಅವರು ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗೆ ಕೊಟ್ಟರು, ತಮಗೆ ಸುಲಿಯಲಾಗದ್ದರಿಂದ. "ಕಾಫಿ ಕೊಟ್ಟದ್ದು ಟೀಚರ್. ದಾರಿ ಕೊಡಲಿಲ್ಲ."

ಆ ಮಾತು ಆಗ ನನಗೆ ಸಮಾಧಾನವೇನೂ ಕೊಡಲಿಲ್ಲ.

ಇದಾಗಿ ಕೆಲವೇ ದಿನಗಳಲ್ಲಿ ಗೇಟಿನಲ್ಲಿ ಬೋರ್ಡು ಬಂತು. "ಹಿರಿಯ ನಾಗರಿಕರ ಸುರಕ್ಷತೆಯ ದೃಷ್ಟಿಯಿಂದ ಈ ಪಥದಲ್ಲಿ ಸೈಕಲ್ ಸವಾರಿಯನ್ನು ನಿಷೇದಿಸಲಾಗಿದೆ." ಮಹಾಪ್ರಾಣವಿಲ್ಲ. ನಿಷೇಧಿಸಲಿಕ್ಕೆ ಹೊರಟವರಿಗೆ ನಿಷೇಧ ಎಂದು ಬರೆಯಲೂ ಬರುವುದಿಲ್ಲ. ಕರ್ಮಣಿ ಪ್ರಯೋಗವನ್ನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕಲಿಸಿದ್ದೇನೆ. ಅದನ್ನು ಏಕೆ ಕಂಡುಹಿಡಿದರು ಎಂಬುದು ಆ ಬೋರ್ಡಿನ ಮುಂದೆ ನಿಂತಾಗ ನನಗೆ ತಿಳಿಯಿತು. ನಿಷೇಧಿಸಲಾಗಿದೆ. ಯಾರಿಂದ? ಕರ್ತೃ ಇಲ್ಲ. ಯಾವ ಹಿರಿಯ ನಾಗರಿಕರ ಸುರಕ್ಷತೆ? ಮನೆಯಲ್ಲಿ ತೋಳಿನೊಳಗೆ ಕಬ್ಬಿಣ ಇಟ್ಟುಕೊಂಡು ಕುಳಿತಿದ್ದ ಹಿರಿಯ ನಾಗರಿಕರೊಬ್ಬರನ್ನು ಇವರು ಕೇಳಿದ್ದರೇ?

ಕೆರೆ ನೋಡಿಕೊಳ್ಳಲು ಊರಿನವರದೇ ಒಂದು ಸಮಿತಿ ಇದೆ. ಕಾರ್ಯದರ್ಶಿಗೆ ಕಟಪಾಡಿ ಪೇಟೆಯಲ್ಲಿ ಪೈಂಟಿನ ಅಂಗಡಿ. ಶಾಲೆ ಬಿಟ್ಟವಳು ಬಸ್ಸು ಹತ್ತದೆ ನೇರ ಅಲ್ಲಿಗೆ ಹೋದೆ.

"ಟೀಚರ್, ನೀವೇ ಯೋಚನೆ ಮಾಡಿ" ಎಂದರು ಅವರು. "ಅಲ್ಲಿ ಸೈಕಲ್ ಇಲ್ಲದಿದ್ದರೆ ಆ ದಿನ ಅಪಘಾತ ಆಗ್ತಿತ್ತಾ?"

"ಸ್ಕೂಟರ್ ಇಲ್ಲದಿದ್ದರೆ ಆಗ್ತಿತ್ತಾ?"

"ಸ್ಕೂಟರ್ ಹೇಗೂ ಬರುವ ಹಾಗಿಲ್ಲ ಅಲ್ಲಿಗೆ. ಅದಕ್ಕೆ ಬೋರ್ಡ್ ಎಂತಕ್ಕೆ?"

"ದಿನಾ ಬರ್ತದಲ್ಲ!"

"ಅದು ಅವರೊಬ್ಬರದ್ದು, ಬಿಡಿ" ಎಂದು ಹೇಳಿ, ಪೈಂಟಿನ ಡಬ್ಬ ಕೇಳಿಕೊಂಡು ಬಂದವರ ಕಡೆಗೆ ತಿರುಗಿದರು.

ನಡೆಯುವವರಾದರೂ ನಮ್ಮ ಪರ ಇರುತ್ತಾರೆ ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು. ದಿನವೂ ಮುಖ ನೋಡಿ ನಗುತ್ತಿದ್ದ ಹೆಂಗಸೊಬ್ಬರು, "ಒಳ್ಳೆಯದೇ ಆಯ್ತು, ಬೆಲ್ ಕೇಳಿ ನನಗೆ ಗಾಬರಿಯಾಗ್ತಿತ್ತು" ಎಂದರು. ಸ್ಕೂಟರಿನ ಹಾರನ್ ಕೇಳಿ ಅವರಿಗೆ ಗಾಬರಿಯಾಗುತ್ತಿರಲಿಲ್ಲ, ನಮಸ್ಕಾರ ಬರುತ್ತಿತ್ತು. ಮರುದಿನ ಬೇಕೆಂದೇ ಸೈಕಲ್ ಬಿಟ್ಟುಕೊಂಡು ಹೋದೆ. ಗೇಟಿನ ಕಾವಲಿನವರು ಹ್ಯಾಂಡಲ್ ಹಿಡಿದರು. "ನನ್ನ ಕೆಲಸ ಹೋಗ್ತದೆ ಅಮ್ಮ" ಎಂದರು. ಅವರ ಹತ್ತಿರ ಏನು ಜಗಳ? ತಿರುಗಿ ಬಂದೆ.

ಬಾಯಿಯ ಮನೆಯಲ್ಲಿ ಕುಳಿತು ಎಲ್ಲ ಹೇಳಿ ಮುಗಿಸಿದೆ. ಅವರು ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಬಲಗೈಯಲ್ಲಿ ಹಿಚುಕುತ್ತಿದ್ದರು. ಹಿಚುಕುವುದು ನಿಂತಿತು.

"ಬೋರ್ಡಿನಲ್ಲಿ ಎಂತ ಉಂಟು? ಸರಿಯಾಗಿ ಹೇಳಿ ಟೀಚರ್."

"ಸೈಕಲ್ ಸವಾರಿಯನ್ನು."

"ಸವಾರಿ ಅಲ್ವಾ? ತಳ್ಳಿಕೊಂಡು ಹೋಗ್ಲಿಕ್ಕೆ ಅಡ್ಡಿ ಇಲ್ಲ ಅಲ್ವಾ?"

ವ್ಯಾಕರಣ ಕಲಿಸುವವಳು ನಾನು, ನನಗೆ ಹೊಳೆದಿರಲಿಲ್ಲ. ಕೆಲವು ವಾರಗಳ ನಂತರ ಡಾಕ್ಟರು ಜೋಲಿ ಬಿಚ್ಚಿದ ಮೇಲೆ ನಾವಿಬ್ಬರೂ ಸೈಕಲ್ ತಳ್ಳಿಕೊಂಡು ಗೇಟಿಗೆ ಹೋದೆವು. ನೀಲಿ ಸೈಕಲಿಗೆ ಹೊಸ ಚಕ್ರ ಹಾಕಿಸಿದ್ದರು. ಅವರು ಎಡಗೈಯಿಂದ ತಳ್ಳುತ್ತಿದ್ದರು. ಕಾವಲಿನವರು ಬೋರ್ಡು ನೋಡಿದರು, ನಮ್ಮನ್ನು ನೋಡಿದರು, ಬೀಡಿ ಹಚ್ಚಿಕೊಂಡು ಆಚೆ ತಿರುಗಿದರು.

ಇಬ್ಬರು ಹೆಂಗಸರು, ನಡುವೆ ಎರಡು ಸೈಕಲ್. ದಾರಿ ಅಷ್ಟಕ್ಕೇ ತುಂಬಿತು. ನಡೆಯುವವರು ಬಂದರೆ ಸರಿದು ಬಿಡುತ್ತಿದ್ದೆವು, ಓಡುವವರು ಬಂದರೂ ಬಿಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹಾರನ್ ಬಂತು. ಬಾಯಿ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಹಾರನ್ ಮತ್ತೆ ಬಂತು. ಹಾಗೆಯೇ ಬೆಂಚಿನವರೆಗೆ ಸ್ಕೂಟರು ನಮ್ಮ ಹಿಂದೆ, ನಮ್ಮ ನಡಿಗೆಯ ವೇಗದಲ್ಲಿ, ಗುರುಗುಟ್ಟುತ್ತ ಬಂತು. ಮರುದಿನವೂ. ಅದರ ಮರುದಿನ, ಅಪಘಾತದ ದಿನ ಬಾಯಿಯನ್ನು ಎತ್ತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬಳು ತನ್ನ ಸೈಕಲ್ ತಂದು ನಮ್ಮ ಹಿಂದೆ ತಳ್ಳತೊಡಗಿದಳು. ಆಮೇಲೆ ಇನ್ನಿಬ್ಬರು. ಜನ ನಿಂತು ನೋಡುತ್ತಿದ್ದರು, ಕೆಲವರು ನಗುತ್ತಿದ್ದರು. ನಗಲಿ ಎಂದುಕೊಂಡೆ.

ಕೊನೆಗೊಂದು ದಿನ ಮಾಲಕರು ಸ್ಕೂಟರಿನಿಂದ ಇಳಿದರು. "ಇದು ಎಂತ ನಾಟಕ? ನಾನು ಕೊಟ್ಟ ಬೆಂಚಿಗೆ ಹೋಗ್ಲಿಕ್ಕೆ ನನಗೆ ನಿಮ್ಮ ಅಪ್ಪಣೆ ಬೇಕಾ?"

"ಬೆಂಚು ನಿಮ್ಮದೇ ಸರ್" ಎಂದರು ಬಾಯಿ. "ನಡೆದುಕೊಂಡು ಬನ್ನಿ. ಗಂಟಿಗೂ ಒಳ್ಳೆಯದು."

ಅಲ್ಲಿಗೆ ಮುಗಿಯಬಹುದಿತ್ತೇನೋ. ಆದರೆ ಅಷ್ಟು ದಿನ ನುಂಗಿಕೊಂಡದ್ದೆಲ್ಲ ನನ್ನ ಗಂಟಲಿಗೆ ಬಂತು. "ಸರ್, ಅವತ್ತು ಇವರು ಕಲ್ಲಿನ ಮೇಲೆ ಬಿದ್ದಿದ್ದಾಗ ನೀವು ಬೆಲ್ ಹೊಡಿಬೇಕಿತ್ತು ಅಂದಿರಿ. ನೆನಪುಂಟಾ? ಕೈ ಮುರಿದವರನ್ನು ಬಿಟ್ಟು ನೀವೊಬ್ಬರೇ ಕಾರು ಹತ್ತಿ ಹೋದಿರಿ. ನೋಯ್ತದಾ ಅಂತ ಕೂಡ ಕೇಳ್ಲಿಲ್ಲ. ಇಂದಿನವರೆಗೆ ಕೇಳ್ಲಿಲ್ಲ. ಈಗ ಕೇಳಿ, ಎಲ್ಲರ ಎದುರು ಕೇಳಿ!" ಶಾಲೆಯ ಮೈದಾನದ ಆ ಕೊನೆಗೆ ಕೇಳುವ ಧ್ವನಿ ನನ್ನದು. ನಡೆಯುವವರು ನಿಂತರು. ಬೆಲ್ ಕೇಳಿ ಗಾಬರಿಯಾಗುತ್ತಿದ್ದ ಹೆಂಗಸೂ ನಿಂತರು.

ಅವರು ಕೇಳಲಿಲ್ಲ. ಯಾರಾದರೂ ತಮ್ಮ ಪರ ಮಾತನಾಡುತ್ತಾರೇನೋ ಎಂದು ಸುತ್ತ ನೋಡಿದರು. ಯಾರೂ ಮುಂದೆ ಬರಲಿಲ್ಲ. ಸ್ಕೂಟರನ್ನು ಕಷ್ಟಪಟ್ಟು ತಿರುಗಿಸಿ, ಹತ್ತದೆ, ತಳ್ಳಿಕೊಂಡು ಗೇಟಿನ ಕಡೆ ಹೋದರು. ಆ ಬೆನ್ನು ನೋಡುವಾಗ ಮುದುಕನೆಂದು ಕ್ಷಣ ಮರುಕ ಬಂದದ್ದು ನಿಜ. ಕ್ಷಣ ಮಾತ್ರ.

ಮುಂದಿನದ್ದು ಕೇಳಿ. ಸ್ವಲ್ಪ ಸಮಯದಲ್ಲೇ ಗೇಟಿನಲ್ಲಿ ವಾಹನ ನುಗ್ಗದಂತೆ ಕಲ್ಲಿನ ಕಂಬಗಳು ಬಂದವು, ಸೈಕಲ್ ಹೋಗುವಷ್ಟು ಮಾತ್ರ ಸಂದು ಬಿಟ್ಟು. ಬೋರ್ಡು ಸದ್ದಿಲ್ಲದೆ ಮಾಯವಾಯಿತು. ಕಂಬಗಳ ದಾನಿ ಯಾರು? ಬಸ್ ಮಾಲಕರು! ಪ್ರತಿ ಕಂಬದ ಮೇಲೂ ಹೆಸರು. ಉದ್ಘಾಟನೆಗೆ ಶಾಮಿಯಾನ, ಮೈಕು. ಕಾರ್ಯದರ್ಶಿ ಮನೆಗೇ ಬಂದರು: "ಟೀಚರ್, ಕಾರ್ಯಕ್ರಮ ನಿರೂಪಣೆ ನೀವೇ ಮಾಡ್ಬೇಕು. ನಿಮ್ಮ ಕನ್ನಡ ಚಂದ ಉಂಟು." ನಾನು ಬಾಗಿಲು ಹಾಕಿದೆ, ಸ್ವಲ್ಪ ಜೋರಾಗಿಯೇ ಹಾಕಿದೆ. ಮೈಕಿನಲ್ಲಿ ಅವರ ದೂರದೃಷ್ಟಿಯನ್ನು ಹೊಗಳುವುದು ಮನೆಯವರೆಗೆ ಕೇಳುತ್ತಿತ್ತು. ಕೈ ಮುರಿಸಿಕೊಂಡವರ ಹೆಸರು ಒಂದು ಸಲವೂ ಕೇಳಲಿಲ್ಲ. ಬಾಯಿ ಹೋಗಿದ್ದರು. ಗೋಳಿಬಜೆ ಚೆನ್ನಾಗಿತ್ತೆಂದು ಹೇಳಿ, ನನಗೂ ನಾಲ್ಕು ಕಟ್ಟಿಸಿಕೊಂಡು ಬಂದಿದ್ದರು. ನಾನು ತಿನ್ನಲಿಲ್ಲ. ಮನೆಯವರು ತಿಂದರು.

ಬಾಯಿಯ ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚಲು ತಮ್ಮನ ಹೆಂಡತಿಯನ್ನು ಕರೆಯಬೇಕು. ಎಷ್ಟೋ ಜನರ ತಲೆ ಬಾಚಿ, ಮೈ ಒರೆಸಿ, ಹಾಸಿಗೆ ಬದಲಾಯಿಸಿದ ಕೈ ಅದು. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ಕಂಬಗಳ ಸಂದಿನಿಂದ ನೀಲಿ ಸೈಕಲನ್ನು ಒಳಗೆ ತಂದು ಹತ್ತಿದರು. ನಾನು ಹಿಂದೆ ಹೋದೆ. ತೂಬಿನ ತಿರುವಿಗಿಂತ ಮೊದಲೇ ನಿಲ್ಲಿಸಿ ಇಳಿದರು. ಬ್ರೇಕು ಹಿಡಿಯುವಾಗ ಬೆರಳು ಸೋಲುತ್ತದಂತೆ.

"ಇವತ್ತಿಗೆ ಇಷ್ಟು ಸಾಕು ಟೀಚರ್. ನೀವು ಸುತ್ತು ಮುಗಿಸಿ ಬನ್ನಿ" ಎಂದು ಹೇಳಿ ದಂಡೆಯ ಮೇಲೆ ಕುಳಿತರು.

ನಾನು ಒಬ್ಬಳೇ ಸುತ್ತು ಹಾಕಿದೆ. ಹೊನ್ನೆಮರದ ಕೆಳಗೆ ಮಾಲಕರು ತಮ್ಮ ಬೆಂಚಿನಲ್ಲಿ ಕುಳಿತಿದ್ದರು. ಗೇಟಿನಿಂದ ನಡೆದೇ ಬಂದಿರಬೇಕು. ನನ್ನನ್ನು ನೋಡಿ, "ಎಂತ ಟೀಚರ್, ಸೌಖ್ಯವಾ?" ಎಂದರು. ಉತ್ತರ ಕೊಡದೆ ಪೆಡಲು ತುಳಿದೆ.